‘ಮನೆ ಆಗ್ಲೇ ಹೋಯ್ತು ಮಗಾ’

ಮದುವೆ ಗೊತ್ತಾದಾಗ ನಾನು ನಾಲ್ಕು ವರ್ಷದಿಂದ ಇದ್ದ ಬಾಡಿಗೆ ಮನೆ ಬಿಡಬೇಕಾಯ್ತು. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಎರಡನೇ ಮಹಡಿ. ಒಳ್ಳೆ ಗಾಳಿ ಬೆಳಕು, ನೀರಿಗೆ ತೊಂದರೆ ಇಲ್ಲ, ಬೆಳ್ಳಂದೂರಿನ ಆಫೀಸಿಗೆ ಹತ್ತಿರ.

ಓನರ್ ಆಂಟಿ ಕೆಳಗಿನ ಮನೆಯಲ್ಲೇ ಇದ್ದರು. ನನಗೆ ಡೆಂಗಿ ಬಂದಾಗ ಹತ್ತು ದಿನ ಗಂಜಿ, ತಿಳಿಸಾರು ಮೇಲಕ್ಕೆ ತಂದುಕೊಟ್ಟವರು. ಮನೆ ಬಿಡ್ತೀನಿ ಅಂದಾಗ ಬೇಜಾರು ಮಾಡಿಕೊಂಡು ಹೇಳಿದ್ರು: “ನಿನ್ನ ಥರದವರನ್ನೇ ಯಾರನ್ನಾದ್ರೂ ಹುಡುಕಿ ಕೊಡಪ್ಪಾ. ನಮ್ಮೋರಾದ್ರೆ ಸಾಕು.”

ಅವತ್ತೇ ಆಫೀಸಿನ ಗ್ರೂಪ್‌ನಲ್ಲಿ ಹಾಕಿದೆ: ‘ಎಚ್‌ಎಸ್‌ಆರ್‌ನಲ್ಲಿ 2 ಬಿಎಚ್‌ಕೆ ಖಾಲಿ ಆಗ್ತಿದೆ. ಫ್ಯಾಮಿಲಿಗೆ. ವೆಜ್ ಓನ್ಲಿ.’

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಾನು ವೆಜ್ ಅಲ್ಲ. ಆ ಮನೆಯಲ್ಲಿ ಎಷ್ಟೋ ಭಾನುವಾರ ಕೋಳಿ ಸಾರು ಮಾಡಿದ್ದೀನಿ. ಮಸಾಲೆ ವಾಸನೆ ಕೆಳಗಿನ ಮನೆಗೆ ಹೋಗದೇ ಇರುತ್ತಾ? ಆಂಟಿ ಒಂದು ದಿನವೂ ಏನೂ ಅಂದವರಲ್ಲ. ‘ನಮ್ಮೋರು’ ಅನ್ನೋ ಪದವನ್ನ ಆಫೀಸ್ ಗ್ರೂಪ್‌ನಲ್ಲಿ ಬರೆಯೋಕೆ ನನಗೆ ಮುಜುಗರ ಆಯ್ತು. ಅದಕ್ಕೇ ‘ವೆಜ್ ಓನ್ಲಿ’ ಅಂತ ಹಾಕಿದೆ. ಆಂಟಿ ಹಾಗೆ ಹೇಳಿರಲಿಲ್ಲ. ಆ ಮುಸುಕು ಹೊದಿಸಿದ್ದು ನಾನೇ.

ಹತ್ತು ನಿಮಿಷಕ್ಕೆ ಗೆಳೆಯನ ಮೆಸೇಜ್ ಬಂತು. “ಮಗಾ, ಅದು ನಿನ್ನ ಮನೆ ತಾನೇ? ನಂಗೇ ಬೇಕಿತ್ತು. ಬೇಕಾದ್ರೆ ಮನೇಲಿ ನಾನ್‌ವೆಜ್ ಮಾಡಲ್ಲ ಅಂತ ಬರ್ಕೊಡ್ತೀನಿ.”

ಅವನ ಹೆಸರನ್ನ ಇಲ್ಲಿ ಬರೆಯಲ್ಲ. ಆ ಹೆಸರು ಈಗಾಗಲೇ ಅವನಿಗೆ ಸಾಕಷ್ಟು ತೊಂದರೆ ಕೊಟ್ಟಿದೆ. ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಒಂದೇ ಬೆಂಚು. ಊರು ದಾವಣಗೆರೆ, ಹಾಗಾಗಿ ನಮಗೆಲ್ಲ ಅವನು ‘ದಾವಣಗೆರೆ’. ಕಾಲೇಜಿನಲ್ಲಿ ಪ್ರತಿ ವರ್ಷ ರಾಜ್ಯೋತ್ಸವದ ಭಾಷಣ ಅವನದೇ. ರಂಜಾನ್‌ಗೆ ಅವರಮ್ಮ ಕಟ್ಟಿಕೊಟ್ಟ ಬಿರಿಯಾನಿ ಡಬ್ಬಿಯನ್ನ ಅದೇ ಮನೆಯಲ್ಲಿ ಕೂತು ಖಾಲಿ ಮಾಡಿದ್ದೀವಿ.

ಕೆಳಗೆ ಹೋಗಿ ಆಂಟಿಗೆ ಹೇಳಿದೆ, ನನ್ನ ಫ್ರೆಂಡ್ ಒಬ್ಬ ಇದ್ದಾನೆ, ಹೆಂಡ್ತಿ, ಒಂದು ಮಗು.

“ಹೆಸರೇನಪ್ಪಾ?”

ಹೇಳಿದೆ.

“ಅಯ್ಯೋ, ಬೇಡಪ್ಪಾ. ನಂಗೇನಿಲ್ಲ, ಅಕ್ಕಪಕ್ಕದವ್ರು ಏನಾದ್ರೂ ಅಂತಾರೆ.”

“ಸರಿ ಆಂಟಿ” ಅಂದು ಮೇಲೆ ಬಂದೆ. ವಾದ ಮಾಡಲಿಲ್ಲ. ಗೆಳೆಯನಿಗೆ ಟೈಪ್ ಮಾಡಿದೆ: “ಮನೆ ಆಗ್ಲೇ ಹೋಯ್ತು ಮಗಾ. ಸಾರಿ.”

ಹದಿನೇಳನೇ ಸಾಲು

ಹದಿನೈದು ದಿನ ಕಳೆದ ಮೇಲೆ ಅವನು ಅದೇ ರಸ್ತೆಯಲ್ಲಿ ಬೈಕ್‌ನಲ್ಲಿ ಹೋಗಿದ್ದಾನೆ. ಗೇಟಿನಲ್ಲಿ ಟು-ಲೆಟ್ ಬೋರ್ಡ್ ನೇತಾಡ್ತಿತ್ತು.

ಮರುದಿನ ಆಫೀಸ್ ಕ್ಯಾಂಟೀನ್‌ನಲ್ಲಿ ಟೀ ತಂದು ನನ್ನ ಎದುರು ಕೂತ. ಜಗಳ ಆಡಲಿಲ್ಲ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. ಒಂದು ಎಕ್ಸೆಲ್ ಶೀಟ್. ತಾರೀಕು, ಏರಿಯಾ, ಬಾಡಿಗೆ, ಉತ್ತರ ಅಂತ ನಾಲ್ಕು ಕಾಲಂ. ಮನೆ ಹುಡುಕೋಕೆ ಶುರು ಮಾಡಿದಾಗಿಂದ ಬರೆದಿಟ್ಟಿದ್ದ.

ಉತ್ತರದ ಕಾಲಂ ಓದ್ತಾ ಹೋದೆ. ‘ವೆಜ್ ಮಾತ್ರ.’ ‘ಓನರ್ ಊರಲ್ಲಿಲ್ಲ.’ ‘ಅಡ್ವಾನ್ಸ್ ತಗೊಂಡಾಯ್ತು.’ ‘ಹೆಸರು ಕೇಳಿದ ಮೇಲೆ ಕಾಲ್ ಎತ್ತಲಿಲ್ಲ.’ ‘ಟ್ಯಾನರಿ ರೋಡ್ ಕಡೆ ನೋಡಿ ಸಾರ್, ನಿಮ್ಮೋರೆಲ್ಲ ಅಲ್ಲೇ ಇದಾರಲ್ಲ.’

ಹದಿನೇಳನೇ ಸಾಲು ನನ್ನದು. ‘ಹೋಯ್ತು’ ಅಂತ ಬರೆದಿದ್ದ. ಪಕ್ಕದಲ್ಲಿ ಬ್ರಾಕೆಟ್ ಒಳಗೆ, ‘ಫ್ರೆಂಡ್’.

“ಆಂಟಿ ಬೇಡ ಅಂದಿದ್ದು ನಂಗೆ ಅಭ್ಯಾಸ ಆಗಿದೆ ಕಣೋ,” ಅಂದ. “ಬೇಡ ಅಂದ್ರು ಅಂತ ನೀನು ಹೇಳಿದ್ರೆ ನಾನು ಸುಮ್ನೆ ಮುಂದಿನ ಮನೆ ನೋಡ್ತಿದ್ದೆ. ಎಲ್ರೂ ಸುಳ್ಳು ಹೇಳಿದ್ರೆ ತೊಂದ್ರೆ ನನ್ನಲ್ಲೇ ಇದ್ಯೇನೋ ಅನ್ಸುತ್ತೆ. ಮಾತಾಡೋ ರೀತೀಲಾ, ಬಟ್ಟೇಲಾ, ಏನ್ ತಪ್ಪಾಯ್ತು ಅಂತ ರಾತ್ರಿ ಕೂತು ಯೋಚನೆ ಮಾಡ್ತೀನಿ.”

ನನ್ನ ಹತ್ರ ಉತ್ತರ ಇರಲಿಲ್ಲ.

ಬದಲಾಗಿದ್ದು ಹೆಸರು ಮಾತ್ರ

ನಮ್ಮ ಕೆಲಸದಲ್ಲಿ ಒಂದು ತಪ್ಪು ಎಲ್ಲಿದೆ ಅಂತ ಹುಡುಕೋಕೆ ಬಾಕಿ ಎಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಾಯಿಸಿ ನೋಡ್ತೀವಿ. ಸಮಾಜ ವಿಜ್ಞಾನಿಗಳೂ ಇದನ್ನೇ ಮಾಡಿದ್ದಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಪತ್ರಿಕೆಗಳ ಉದ್ಯೋಗ ಜಾಹೀರಾತುಗಳಿಗೆ ಒಂದೇ ಮಟ್ಟದ ಓದು, ಅರ್ಹತೆ ಇರುವ ಅರ್ಜಿಗಳನ್ನ ಬೇರೆ ಬೇರೆ ಹೆಸರಲ್ಲಿ ಕಳಿಸಿದ್ರು. ಫಲಿತಾಂಶ 2007ರಲ್ಲಿ ಪ್ರಕಟವಾಯ್ತು. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ, ದಲಿತ ಹೆಸರಿಗೆ ಮುಂದಿನ ಹಂತದ ಕರೆ ಬರುವ ಅವಕಾಶ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು.

ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಬಾಡಿಗೆ ಮನೆಗಳಿಗೂ ಹೀಗೇ ಕೇಳಿ ನೋಡಿ 2015ರಲ್ಲಿ ವರದಿ ಬರೆದರು. ಅಲ್ಲೂ ಮೇಲ್ಜಾತಿ ಹೆಸರಿಗೆ ಬಾಗಿಲು ಸುಲಭವಾಗಿ ತೆರೆಯಿತು. ದಲಿತರಿಗೆ ಕಷ್ಟ, ಮುಸ್ಲಿಮರಿಗೆ ಇನ್ನೂ ಕಷ್ಟ. ಮುಸ್ಲಿಮರಿಗೆ ಬೇಕಾದ ಕಡೆ ಮನೆ ಸಿಗುವುದು ಕಷ್ಟ ಅನ್ನೋದನ್ನ 2006ರ ಸಾಚಾರ್ ಸಮಿತಿ ವರದಿಯೂ ಗುರುತಿಸಿತ್ತು.

ಇದು ಮುಸ್ಲಿಮರಿಗೆ ಮಾತ್ರ ಅಂತಲೂ ಅಲ್ಲ. ‘ನೀವು ಯಾವ ಜನ?’ ಅನ್ನೋ ಪ್ರಶ್ನೆ ಎದುರಿಸದೆ ಮನೆ ಹುಡುಕಿದ ದಲಿತ ಸಹೋದ್ಯೋಗಿ ನನಗಂತೂ ಸಿಕ್ಕಿಲ್ಲ. ಮುಖ ನೋಡಿಯೇ ಈಶಾನ್ಯ ರಾಜ್ಯದವರನ್ನ ಹೊರಗಿನವರು ಮಾಡೋದು ಇದೇ ಊರಲ್ಲಿ. 2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಹೆದರಿ ಅವರು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ನಂಬಿಕೆ ಅಷ್ಟು ತೆಳುವಾಗಿತ್ತು.

ಹೋಟೆಲಿಗೆ ಸರಿ, ಮನೆಗೆ?

ಕಾನೂನು ಏನನ್ನುತ್ತೆ ಅಂತ ಹುಡುಕಿದೆ. ಸಂವಿಧಾನದ 15ನೇ ವಿಧಿ ಪ್ರಕಾರ ಅಂಗಡಿ, ಹೋಟೆಲ್, ಸಿನಿಮಾ ಮಂದಿರ, ಸಾರ್ವಜನಿಕ ಬಾವಿ, ಕೆರೆಗಳಿಗೆ ಹೋಗದಂತೆ ಧರ್ಮ, ಜಾತಿ ನೋಡಿ ಯಾರನ್ನೂ ತಡೆಯುವಂತಿಲ್ಲ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಕೊಡುತ್ತಿದ್ದ ಅಹಮದಾಬಾದಿನ ಗೃಹ ಸಹಕಾರ ಸಂಘವೊಂದರ ನಿಯಮವನ್ನ 2005ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು. ಬಾಡಿಗೆ ಮನೆಯೂ ಸೇರಿದಂತೆ ತಾರತಮ್ಯ ತಡೆಯೋಕೆ ಸಂಸದ ಶಶಿ ತರೂರ್ ತಂದ ಖಾಸಗಿ ಮಸೂದೆ ಕಾನೂನಾಗಲಿಲ್ಲ.

ಅಮೆರಿಕದಲ್ಲಿ 1968ರಿಂದಲೇ ಧರ್ಮ, ಜನಾಂಗ ನೋಡಿ ಮನೆ ನಿರಾಕರಿಸೋದು ಕಾನೂನುಬಾಹಿರ. ಆನ್‌ಸೈಟ್ ಹೋಗಿ ಅಲ್ಲಿ ನೆಮ್ಮದಿಯಾಗಿ ಮನೆ ಮಾಡುವ ನಮ್ಮವರಿಗೆಲ್ಲ ಆ ಕಾನೂನಿನ ರಕ್ಷಣೆ ಇದೆ. ಊರಿಗೆ ಬಂದು ನಮ್ಮ ಫ್ಲ್ಯಾಟ್ ಬಾಡಿಗೆಗೆ ಕೊಡುವಾಗ ಅದು ನೆನಪಾಗಲ್ಲ.

‘ನನ್ನ ಮನೆ, ನನ್ನಿಷ್ಟ’ ಅನ್ನೋ ಮಾತಿದೆ. ನಿವೃತ್ತಿಯ ದುಡ್ಡಲ್ಲಿ ಕಟ್ಟಿಸಿದ ಮನೆಯ ಬಗ್ಗೆ ಒಬ್ಬರಿಗೆ ಭಯ ಇರೋದು ಅರ್ಥ ಆಗುತ್ತೆ. ಬಾಡಿಗೆ ಕೊಡ್ತಾರಾ, ಗಲಾಟೆ ಮಾಡ್ತಾರಾ, ಮನೆ ಹಾಳು ಮಾಡ್ತಾರಾ? ಅದಕ್ಕೇ ಅಲ್ವಾ ಅಡ್ವಾನ್ಸ್ ತಗೊಳ್ಳೋದು, ಅಗ್ರಿಮೆಂಟ್ ಮಾಡಿಸೋದು, ಕಂಪನಿ ಐಡಿ ಕೇಳೋದು? ಅದೆಲ್ಲ ಇದ್ದೂ ಹೆಸರೊಂದು ಕೇಳಿ ಬೇಡ ಅಂದರೆ, ಭಯ ಬಾಡಿಗೆಯದ್ದಲ್ಲ.

ಒಬ್ಬೊಬ್ಬ ಓನರ್ ತನ್ನಿಷ್ಟ ಅಂದುಕೊಂಡು ಮಾಡಿದ್ದು ಊರಿನ ನಕ್ಷೆ ಆಗಿಬಿಡುತ್ತೆ. ಎಲ್ಲೂ ಸಿಗದವರು ಸಿಗುವ ಕಡೆ ಹೋಗ್ತಾರೆ. ಆಮೇಲೆ ನಾವೇ ಹೇಳ್ತೀವಿ, ‘ಅವರು ಅವರವರೇ ಗುಂಪಾಗಿ ಇರ್ತಾರೆ, ನಮ್ಮ ಜೊತೆ ಬೆರೆಯಲ್ಲ’ ಅಂತ. ಗೆಳೆಯ ಈಗ ಇರೋದು ಟ್ಯಾನರಿ ರೋಡ್ ಹತ್ರ. ಅಲ್ಲಿಂದ ಬೆಳ್ಳಂದೂರಿಗೆ ಸಂಜೆ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ. ಎಷ್ಟೋ ದಿನ ಮನೆ ಮುಟ್ಟುವಷ್ಟರಲ್ಲಿ ಮಗಳು ನಿದ್ದೆ ಮಾಡಿರ್ತಾಳೆ.

ಆಂಟಿ ಕೇಳಿದ ಪ್ರಶ್ನೆ

ಕೀ ಕೊಡುವ ದಿನ ಆಂಟಿ ಪೇಂಟಿಂಗ್ ದುಡ್ಡು ಮುರಿದುಕೊಂಡು ಅಡ್ವಾನ್ಸ್ ವಾಪಸ್ ಕೊಟ್ಟರು. ಆವತ್ತು ಹೇಳಿಬಿಟ್ಟೆ: “ಆಂಟಿ, ನೀವು ಬೇಡ ಅಂದ ಹುಡುಗ ನನ್ನ ಕ್ಲಾಸ್‌ಮೇಟು. ನನಗೆ ಡೆಂಗಿ ಬಂದಾಗ ರಾತ್ರಿ ಆಸ್ಪತ್ರೇಲಿ ಮಲಗ್ತಿದ್ದಿದ್ದು ಅವನೇ.”

ಆಂಟಿ ನನ್ನ ಮುಖ ನೋಡಿದ್ರು. “ಯಾರು, ಆ ದಾವಣಗೆರೆ ಹುಡುಗಾನಾ? ನಮ್ಮನೆ ಮೋಟರ್ ರಿಪೇರಿ ಮಾಡಿಕೊಟ್ನಲ್ಲ, ಅವನಾ?”

“ಹೌದು.”

“ಆವತ್ತೇ ಹೇಳ್ಬಾರ್ದಿತ್ತಾ?”

ನಾಲ್ಕು ವರ್ಷ ಮೆಟ್ಟಿಲು ಹತ್ತಿ ಇಳಿದ ಹುಡುಗನ ಹೆಸರು ಅವರಿಗೆ ಗೊತ್ತಿರಲಿಲ್ಲ. ಹೆಸರು ಗೊತ್ತಾದಾಗ ಅದು ಅವನೇ ಅಂತ ಗೊತ್ತಿರಲಿಲ್ಲ. ಎರಡನ್ನೂ ಬಲ್ಲವನು ನಾನೊಬ್ಬನೇ, ನಾನು ‘ಸರಿ ಆಂಟಿ’ ಅಂದಿದ್ದೆ. ಹೇಳಿದ್ದರೆ ಅವರು ಮನೆ ಕೊಡ್ತಿದ್ರಾ? ಹೇಳೋಕಾಗಲ್ಲ. ಅಷ್ಟರಲ್ಲಿ ಬೇರೆಯವರ ಅಡ್ವಾನ್ಸ್ ಬಂದಾಗಿತ್ತು. ಈ ಸಲ ಮನೆ ನಿಜವಾಗಿಯೂ ಹೋಗಿತ್ತು.

ಕಾನೂನು ಬದಲಾಗೋದು ನಮ್ಮ ಕೈಲಿಲ್ಲ. ಆದರೆ ನಮ್ಮ ವಯಸ್ಸಿನವರು ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಾಯಿಸ್ತೀವಿ. ಪ್ರತಿ ಸಲ ಓನರ್ ನಮ್ಮನ್ನೇ ಕೇಳ್ತಾರೆ, ‘ಯಾರಾದ್ರೂ ಇದ್ರೆ ಹೇಳಿ’ ಅಂತ. ಆ ಒಂದು ವಾರ ಬ್ರೋಕರ್ ನಾವೇ. ಆಗ ‘ವೆಜ್ ಓನ್ಲಿ’ ಅಂತ ಟೈಪ್ ಮಾಡುವ ಮುಂಚೆ ಅದು ನಿಜವಾಗಿ ಊಟದ ಮಾತಾ ಅಂತ ಯೋಚಿಸಿ. ಹೆಸರು ಹೇಳೋಕೆ ಮುಂಚೆ ಮನುಷ್ಯನನ್ನ ಕರ್ಕೊಂಡು ಹೋಗಿ, ಎದುರು ಕೂರಿಸಿ. ಆಗಲ್ಲ ಅಂದ್ರೆ ಯಾಕೆ ಅಂತ ಒಂದು ಸಲ ಕೇಳಿ. ಅಷ್ಟಾದರೂ ಆಗದಿದ್ದರೆ, ಗೆಳೆಯನಿಗೆ ನಿಜವನ್ನಾದರೂ ಹೇಳಿ.

ನಾನು ಅವನ ಹತ್ರ ಕ್ಷಮೆ ಕೇಳಿದೆ. “ಬಿಡೋ” ಅಂದ. ನನ್ನ ಮದುವೆಗೂ ಬಂದ, ಛತ್ರದಲ್ಲಿ ಊಟ ಬಡಿಸೋಕೂ ನಿಂತ. ಶೀಟಿನ ಹದಿನೇಳನೇ ಸಾಲು ಮಾತ್ರ ಇನ್ನೂ ಹಾಗೇ ಇದೆ. ಅಳಿಸು ಅಂತ ನಾನು ಕೇಳಿಲ್ಲ.