ಚಿಗರಿ ಓಡುವಷ್ಟು ಬಯಲು

ರಾಣೆಬೆನ್ನೂರಿಗೆ ಜನ ಬೀಜ ಕೊಳ್ಳಲು ಬರುತ್ತಾರೆ, ಹತ್ತಿ ಮಾರಲು ಬರುತ್ತಾರೆ. ಹೆದ್ದಾರಿಯಲ್ಲಿ ಹೋಗುವವರು ಒಂದು ಪ್ಲೇಟು ಮಿರ್ಚಿ-ಮಂಡಕ್ಕಿಗೆ ಗಾಡಿ ನಿಲ್ಲಿಸುತ್ತಾರೆ. ಬರೀ ನೋಡಲಿಕ್ಕೆಂದು ಬರುವವರು ಕಡಿಮೆ. ಊರಿನವರನ್ನೇ ಕೇಳಿದರೂ, "ನಮ್ಮಲ್ಲಿ ನೋಡಾಕ ಏನೈತ್ರಿ, ಬಯಲು ಬಿಟ್ರ?" ಅನ್ನುತ್ತಾರೆ. ನಾನು ಹೋಗುವುದು ಆ ಬಯಲಿಗೇ.

ಆ ಬಯಲಿಗೆ ಸರ್ಕಾರಿ ಹೆಸರೊಂದಿದೆ: ರಾಣೆಬೆನ್ನೂರು ಕೃಷ್ಣಮೃಗ ವನ್ಯಜೀವಿ ಧಾಮ. 1974ರಲ್ಲಿ ಘೋಷಣೆಯಾದಾಗ ಹಾವೇರಿ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ, ಇದೆಲ್ಲ ಧಾರವಾಡ ಜಿಲ್ಲೆ. ವಿಸ್ತೀರ್ಣ 119 ಚದರ ಕಿಲೋಮೀಟರು. ಹುಲ್ಲತ್ತಿ, ಹುಣಸಿಕಟ್ಟಿ, ಅಳಗೇರಿ ಎಂದು ಮೂರು ತುಂಡಾಗಿ, ನಡುನಡುವೆ ಹೊಲ, ಊರು, ರಸ್ತೆಗಳನ್ನು ಇಟ್ಟುಕೊಂಡೇ ಇದೆ. 'ಕೃಷ್ಣಮೃಗ' ಎಂಬುದು ಫಲಕದ ಮಾತು. ಇಲ್ಲಿಯ ಬಾಯಿಮಾತಲ್ಲಿ ಅದು ಚಿಗರಿ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೂ ಇದೇ ಹೆಸರಿಟ್ಟಿದ್ದಾರೆ. ಬಸ್ಸು ಗಂಟೆಗೆ ಎಂಬತ್ತು ಕಿಲೋಮೀಟರು ಓಡುವುದಿಲ್ಲ, ಚಿಗರಿ ಓಡುತ್ತದೆ.

ಮಲೆನಾಡಿನ ಚಾರಣ ಮಾಡಿ ಬಂದವರಿಗೆ ಇಲ್ಲಿ ಮೊದಲ ಅರ್ಧ ಗಂಟೆ ನಿರಾಸೆ. ಏರುವುದಕ್ಕೆ ಬೆಟ್ಟವಿಲ್ಲ, ಧುಮುಕುವ ನೀರಿಲ್ಲ, ಕೊನೆಗೆ ಸರಿಯಾದ ನೆರಳೂ ಇಲ್ಲ. ಕಾಲಡಿಯಲ್ಲಿ ಒಂದು ಕಡೆ ಮಸಾರಿಯ ಕೆಂಪು ಮಣ್ಣು, ಇನ್ನೊಂದು ಕಡೆ ಎರಿಯ ಕಪ್ಪು ಮಣ್ಣು. ಮಳೆ ಬಿದ್ದ ಮಾರನೆಯ ದಿನ ಎರಿ ನೆಲದಲ್ಲಿ ಕಾಲಿಟ್ಟರೆ ಚಪ್ಪಲಿ ಒಂದೊಂದು ಕಿಲೋ ಭಾರವಾಗುತ್ತದೆ. ಅಲ್ಲಲ್ಲಿ ಜಾಲಿ, ಬಾರಿಗಿಡ, ಹಳದಿ ಹೂವಿನ ತಂಗಡಿ. ಹುಲ್ಲು ಮೊಣಕಾಲೆತ್ತರ. ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಹೊತ್ತು ಹುಟ್ಟುವ ಮುಂಚೆ ಹೋಗಬೇಕು. ಗಾಳಿ ನಮ್ಮ ಮುಖಕ್ಕೆ ಬಡಿಯುವಂತೆ ಕೂತು ಸುಮ್ಮನಿರಬೇಕು. ಇಲ್ಲಿ ನಡಿಗೆಗಿಂತ ಕೂರುವುದೇ ಹೆಚ್ಚು.

ಹೋದ ಚಳಿಗಾಲದಲ್ಲಿ ಹಾಗೆ ಕೂತಿದ್ದಾಗ ಮೊದಲು ಕಂಡಿದ್ದು ಒಂದು ಹಿಕ್ಕೆಯ ಗುಡ್ಡೆ. ಕುರಿಯದೆಂದುಕೊಂಡೆ. ಕುರಿ ಎಲ್ಲೆಂದರಲ್ಲಿ ಹಾಕುತ್ತ ಹೋಗುತ್ತದೆ, ಇದು ಮಾತ್ರ ಒಂದೇ ಜಾಗದಲ್ಲಿ, ಹಳೆಯದರ ಮೇಲೆ ಹೊಸದು. ಸ್ವಲ್ಪ ಹೊತ್ತಿಗೆ ಅದರ ಯಜಮಾನ ಬಂದ. ಬೆನ್ನು ಕಡುಗಪ್ಪು, ಹೊಟ್ಟೆ ಬೆಳ್ಳಗೆ, ಕಣ್ಣಿನ ಸುತ್ತ ಬಿಳಿ ಉಂಗುರ, ತಲೆಯ ಮೇಲೆ ಮೂರ್ನಾಲ್ಕು ಸುತ್ತು ತಿರುಚಿದ ಎರಡಡಿಯ ಕೊಂಬು. ಗುಡ್ಡೆಯ ಮೇಲೆ ನಿಂತು ತನ್ನ ಪಾಲು ಹಾಕಿ, ಮುಂದೆ ಹೋಗಿ ಕಣ್ಣಿನ ಕೆಳಗಿನ ಗ್ರಂಥಿಯನ್ನು ಒಂದು ಕಡ್ಡಿಗೆ ಉಜ್ಜಿದ. ಅಲ್ಲಿಗೆ ಗಡಿ ಗುರುತು ಮುಗಿಯಿತು. ಭೂಮಾಪಕರಿಗೂ ಇಷ್ಟು ಬೇಗ ಆಗದ ಕೆಲಸ. ಆಮೇಲೆ ಕಂದು ಬಣ್ಣದ ಐದಾರು ಹೆಣ್ಣುಗಳು ಮೇಯುತ್ತ ಬಂದವು. ಇವನು ಮೂಗನ್ನು ಆಕಾಶಕ್ಕೆತ್ತಿ, ಕೊಂಬನ್ನು ಬೆನ್ನಿಗೆ ಆನಿಸಿ, ಬಾಲ ಸುರುಳಿ ಮಾಡಿ ಅವುಗಳ ಸುತ್ತ ಗತ್ತಿನಿಂದ ಹೆಜ್ಜೆ ಹಾಕತೊಡಗಿದ. ಅವು ತಲೆಯೆತ್ತಲಿಲ್ಲ, ಮೇಯುತ್ತಲೇ ಇದ್ದವು.

ನನ್ನ ಜೊತೆಗಿದ್ದವನು ಕೆಮ್ಮಿದ. ಒಂದು ಹೆಣ್ಣು ನಿಂತಲ್ಲಿಂದಲೇ ಸ್ಪ್ರಿಂಗಿನಂತೆ ಮೇಲಕ್ಕೆ ಪುಟಿಯಿತು. ಉಳಿದವೂ ಪುಟಿದವು. ಆಮೇಲೆ ಓಟ. ಈ ಪ್ರಾಣಿಗೆ ಬೇಕಾದದ್ದು ಏನೆಂದು ಆ ಓಟ ನೋಡಿದರೆ ತಿಳಿಯುತ್ತದೆ. ಅಡಗಿ ಬದುಕುವುದು ಅದಕ್ಕೆ ಗೊತ್ತಿಲ್ಲ. ದೂರದಿಂದಲೇ ಶತ್ರುವನ್ನು ಕಂಡು ಓಡಿ ಬದುಕುವ ಪ್ರಾಣಿ ಅದು. ತೋಳ ಎಲ್ಲಿದೆ ಎಂದು ಕಾಣಬೇಕಾದರೆ ಕಣ್ಣಿಗೆ ಅಡ್ಡವಾಗಿ ಮರ ಇರಬಾರದು.

ನಾವು ಮಾಡಿದ್ದು ಮರ ನೆಡುವ ಕೆಲಸವನ್ನೇ. ಹುಲ್ಲುಗಾವಲಿಗೆ ನಮ್ಮ ಕಂದಾಯದ ಭಾಷೆಯಲ್ಲಿ ಗೌರವದ ಪದವಿಲ್ಲ. ಉತ್ತಿ ಬಿತ್ತದ ನೆಲವೆಲ್ಲ ಬೀಳು, ಇಲ್ಲವೇ ಖರಾಬು. ಖರಾಬಾದದ್ದನ್ನು 'ಸುಧಾರಿಸಲು' 1950ರ ದಶಕದಿಂದಾಚೆಗೆ ಇಲ್ಲಿ ನೀಲಗಿರಿ ಬಂತು. ಧಾಮದೊಳಗೆ ಈಗಲೂ ಸಾಲು ಹಿಡಿದು ನಿಂತ ನೀಲಗಿರಿ ಸಿಗುತ್ತದೆ. ಅದರ ಬುಡದಲ್ಲಿ ಹುಲ್ಲು ಹುಡುಕಿ ನೋಡಿ. ಚಿಗರಿ ಹೇಗೋ ಹೊಂದಿಕೊಂಡಿತು. ಸಂರಕ್ಷಣೆ ಸಿಕ್ಕಮೇಲೆ ಸಾವಿರಗಳ ಲೆಕ್ಕಕ್ಕೆ ಬೆಳೆಯಿತು, ಅದು ನಿಜ. ಹೊಂದಿಕೊಳ್ಳಲಾರದೆ ಹೋದದ್ದು ಎರೆಭೂತ. ಹದಿನೈದು ಕಿಲೋವರೆಗೆ ತೂಗುವ, ಬಯಲ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಈ ಹಕ್ಕಿಗಾಗಿಯೇ ಒಂದು ಕಾಲಕ್ಕೆ ಪಕ್ಷಿ ವೀಕ್ಷಕರು ರಾಣೆಬೆನ್ನೂರಿಗೆ ರೈಲು ಹತ್ತಿ ಬರುತ್ತಿದ್ದರು. ಈಗ ಕರ್ನಾಟಕದಲ್ಲಿ ಅದನ್ನು ನೋಡಬೇಕೆಂದರೆ ಬಳ್ಳಾರಿಯ ಸಿರುಗುಪ್ಪದ ಕಡೆ ಅದೃಷ್ಟ ಪರೀಕ್ಷೆಗೆ ಹೋಗಬೇಕು.

ನೀಲಗಿರಿಯ ವಿರುದ್ಧ ಈ ಸೀಮೆಯಲ್ಲಿ ದನಿ ಏಳಲಿಲ್ಲವೆಂದಲ್ಲ. ಈಗಿನ ಹಾವೇರಿ ಜಿಲ್ಲೆಯಲ್ಲೇ ಇರುವ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಸೇರಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು. 'ಕಿತ್ತಿಕೋ–ಹಚ್ಚಿಕೋ' ಎಂದು ಆ ಸತ್ಯಾಗ್ರಹಕ್ಕೆ ಹೆಸರು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅದರ ಹಿಂದಿತ್ತು. ಇದೇ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. ಕುಸನೂರಿನ ಜಗಳ ದನ ಮೇಯುವ, ಸೌದೆ ತರುವ ಊರೊಟ್ಟಿನ ನೆಲದ್ದು, ಚಿಗರಿಯದ್ದಲ್ಲ. ಆದರೆ ದನ ಮೇಯುವ ನೆಲ ಚಿಗರಿ ಮೇಯುವ ನೆಲವೂ ಹೌದು.

ಧಾಮದಲ್ಲಿ ಹುಲ್ಲು ಕಡಿಮೆಯಾದರೆ ಚಿಗರಿ ಹೊಲಕ್ಕಿಳಿಯುತ್ತದೆ. ಈ ವಿಷಯದಲ್ಲಿ ರೈತರ ಮುಂದೆ ನಿಂತು ನಿಸರ್ಗಪ್ರೇಮದ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಆಗಷ್ಟೇ ಮೊಳೆತ ಗೋವಿನಜೋಳದ ಸುಳಿಯನ್ನು ಒಂದು ಹಿಂಡು ಒಂದೇ ರಾತ್ರಿಯಲ್ಲಿ ಸವರಿಹಾಕಿದರೆ ಬೀಜ, ಗೊಬ್ಬರ, ಕೂಲಿ ಎಲ್ಲವೂ ಹೋದಂತೆ. ಬದುವಿಗೆ ಹಳೆಯ ಸೀರೆ ಸುತ್ತಿ, ಅಟ್ಟಣಿಗೆ ಕಟ್ಟಿ ರಾತ್ರಿಯೆಲ್ಲ ಕೂಗುತ್ತ ಕೂರುತ್ತಾರೆ. ಹೊಡೆಯುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯ ಪ್ರಾಣಿ ಅದು. ಪರಿಹಾರದ ಅರ್ಜಿಗೆ ತಿರುಗಾಡುವ ಹೊತ್ತಿಗೆ ಮತ್ತೆ ಬಿತ್ತುವ ಹದ ಹೋಗಿರುತ್ತದೆ.

ಏರಲೇಬೇಕು ಅನ್ನುವ ಕಾಲುಗಳಿಗೆ ದೇವರಗುಡ್ಡವಿದೆ. ಹುಬ್ಬಳ್ಳಿ–ಬೆಂಗಳೂರು ಹಳಿಯ ಮೇಲೆ ಅದೇ ಹೆಸರಿನ ಪುಟ್ಟ ನಿಲ್ದಾಣವೂ ಇದೆ. ಗುಡ್ಡ ದೊಡ್ಡದೇನಲ್ಲ, ಮೇಲೆ ಮಾಲತೇಶನ ಗುಡಿ. ನವರಾತ್ರಿಯ ಕೊನೆಗೆ ಇಲ್ಲಿ ಭವಿಷ್ಯ ನುಡಿಯುವ ಕಾರಣಿಕ: ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, "ಸದ್ದಲೇ" ಎಂದು ಕೂಗಿದರೆ ಅಷ್ಟು ಜನಸಾಗರ ಗಪ್ಪಾಗುತ್ತದೆ. ಒಂದೇ ಒಂದು ವಾಕ್ಯ ನುಡಿದು ಆತ ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಆ ಒಂದು ವಾಕ್ಯವನ್ನು ಮಳೆ, ಬೆಳೆ, ರಾಜಕೀಯ ಎಲ್ಲಕ್ಕೂ ಹೊಂದಿಸಿ ಚರ್ಚೆ ಮಾಡುತ್ತ ಜನ ಗುಡ್ಡ ಇಳಿಯುತ್ತಾರೆ. ಜಾತ್ರೆಯಿಲ್ಲದ ದಿನ ಬೆಳಿಗ್ಗೆ ಹೋದರೆ ಗುಡ್ಡದಿಂದ ಎರಿ, ಮಸಾರಿ ಹೊಲಗಳ ಪಟ್ಟಿ ಕೌದಿಯ ಹಾಗೆ ಹರಡಿಕೊಂಡು ಕಾಣುತ್ತದೆ.

ನೀರು ಬೇಕೆನ್ನುವವರು ಚೌಡದಾನಪುರಕ್ಕೆ ಹೋಗಬಹುದು. ತುಂಗಭದ್ರೆಯ ದಡದಲ್ಲೇ ಮುಕ್ತೇಶ್ವರನ ಗುಡಿ, ಆಳೆತ್ತರ ಮೀರಿದ ಹಳಗನ್ನಡ ಶಾಸನಗಳು. ಊರಿನ ಹೆಸರಲ್ಲಿರುವ ಚೌಡಯ್ಯ, ದೋಣಿ ನಡೆಸಿದ ವಚನಕಾರ ಅಂಬಿಗರ ಚೌಡಯ್ಯ.

ಆದರೂ ನನ್ನ ಕಾಲು ಎಳೆಯುವುದು ಹುಲ್ಲಿನ ಕಡೆಗೇ. ಆವತ್ತು ಬಿಸಿಲೇರಿದ ಮೇಲೆ ವಾಪಸು ಬರುವಾಗ ದಾರಿಯಲ್ಲಿ ಕುರಿ ಬಿಟ್ಟುಕೊಂಡು ಕಂಬಳಿ ಹೊದ್ದ ಅಜ್ಜ ಸಿಕ್ಕ.

"ಚಿಗರಿ ನೋಡಾಕ ಬಂದಿದ್ರೇನ್ರಿ?"

"ಹೌದಜ್ಜ. ಕೆಮ್ಮಿ ಓಡಿಸಿಬಿಟ್ವಿ."

"ಎಲ್ಲೂ ಹೋಗಿಲ್ಲ ತಗೋರಿ, ಅಕಾ ಅಲ್ಲೇ ಅದಾವ," ಎಂದು ಕೋಲಿನಿಂದ ತೋರಿಸಿದ. ನನಗೆ ಹುಲ್ಲು ಮಾತ್ರ ಕಂಡಿತು. ಅಜ್ಜ ನನ್ನ ಭುಜ ಹಿಡಿದು ಒಂದು ಚೂರು ಎಡಕ್ಕೆ ತಿರುಗಿಸಿದ. ದೂರದಲ್ಲಿ, ಹುಲ್ಲಿಗೂ ಆಕಾಶಕ್ಕೂ ನಡುವೆ, ಎರಡು ತಿರುಚಿದ ಗೆರೆ.