ಹೋಬಳಿ ಕ್ರೀಡಾಕೂಟದಿಂದ ಹೊನಲು ಬೆಳಕಿನ ಕಬಡ್ಡಿಯವರೆಗೆ: ಆಟದ ಚಿತ್ರಕ್ಕೆ ಯಾವ ಕ್ಯಾಮೆರಾ, ಯಾವ ಲೆನ್ಸ್?

ಕಿಕ್ಕೇರಿ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ‘ಮೈಸೂರು ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿ, ಬಳಿಕ ಹೊಯ್ಸಳರ ಕಾಲದ ಬ್ರಹ್ಮೇಶ್ವರ ದೇವಾಲಯ. ಕೃಷ್ಣರಾಜಪೇಟೆ ತಾಲ್ಲೂಕಿನ ಈ ಹೋಬಳಿ ಕೇಂದ್ರಕ್ಕೆ ಕ್ಯಾಮೆರಾ ಹೊತ್ತು ಬರುವ ಪ್ರವಾಸಿಗರ ಗುರಿ ಸಾಮಾನ್ಯವಾಗಿ ಆ ದೇವಾಲಯವೇ. ಕಲ್ಲಿನ ಶಿಲ್ಪ ಕದಲುವುದಿಲ್ಲ. ಮಬ್ಬು ಬೆಳಕಿನಲ್ಲಿಯೂ ಅನುಮತಿ ಪಡೆದು ಟ್ರೈಪಾಡ್ ಊರಿ, ಒಂದು ಸೆಕೆಂಡ್ ಕಾಲ ಶಟರ್ ತೆರೆದಿಟ್ಟರೆ ಸಾಧಾರಣ ಕ್ಯಾಮೆರಾದಲ್ಲಿಯೂ ಒಳ್ಳೆಯ ಚಿತ್ರ ಮೂಡುತ್ತದೆ. ಅದೇ ಕ್ಯಾಮೆರಾವನ್ನು ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದ ಕಬಡ್ಡಿ ಅಂಕಣದ ಬದಿಗೆ ತಂದರೆ ಕತೆಯೇ ಬೇರೆ. ನಾಲ್ವರು ರಕ್ಷಕಿಯರ ಹಿಡಿತದಿಂದ ಜಾರಿ ಮಧ್ಯರೇಖೆಗೆ ಕೈಚಾಚುವ ಬಾಲಕಿಗೆ ಅದಕ್ಕೆ ಬೇಕಾಗುವುದು ಅರ್ಧ ಸೆಕೆಂಡ್. ಆ ಅರ್ಧ ಸೆಕೆಂಡಿನೊಳಗೆ ಕ್ಯಾಮೆರಾ ಅವಳನ್ನು ಗುರುತಿಸಿ, ಫೋಕಸ್ ಹಿಡಿದು, ಸಾಕಷ್ಟು ಬೆಳಕನ್ನು ಒಳಗೆ ಬಿಟ್ಟುಕೊಳ್ಳಬೇಕು.

ಶಾಲಾ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲೇರುತ್ತವೆ. ಪತ್ರಿಕೆಗಳ ಖಾಯಂ ಛಾಯಾಗ್ರಾಹಕರು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ. ಕೆಳಗಿನ ಹಂತದಲ್ಲಿ ಚಿತ್ರ ತೆಗೆಯುವವರು ಊರಿನ ಸ್ಟುಡಿಯೋದವರು. ಮದುವೆ, ನಾಮಕರಣಗಳ ನಡುವೆ ಬಿಡುವು ಮಾಡಿಕೊಂಡು ಬರುವವರು. ಎಷ್ಟೋ ಗ್ರಾಮೀಣ ಆಟಗಾರ್ತಿಯರ ಮೊದಲ ಪಂದ್ಯಗಳಿಗೆ ಉಳಿಯುವ ದಾಖಲೆ ಇವರ ಚಿತ್ರವೊಂದೇ. ಇಂಥ ಸ್ಟುಡಿಯೋದ ಹುಡುಗ ಸಾಲ ಮಾಡಿ ಉಪಕರಣ ಕೊಳ್ಳಲು ಮೈಸೂರಿಗೋ ಬೆಂಗಳೂರಿಗೋ ಹೋದಾಗ ಅಂಗಡಿಯವರು ಮೊದಲು ತೋರಿಸುವುದು ಹೊಸ ಬಾಡಿಯನ್ನು, ಅದರ ಮೆಗಾಪಿಕ್ಸೆಲ್‌ಗಳನ್ನು. ಹಣವೆಲ್ಲ ಬಾಡಿಗೆ ಸಂದು, ಅದರೊಡನೆ ಬಂದ ಅಗ್ಗದ ಲೆನ್ಸ್‌ನಲ್ಲೇ ಅವನು ಊರಿಗೆ ಮರಳುತ್ತಾನೆ. ಆಟದ ಚಿತ್ರಕ್ಕೆ ಸಂಬಂಧಿಸಿದಂತೆ ಇದು ತಲೆಕೆಳಗಾದ ಖರ್ಚು. ಏಕೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು.

ವೇಗದ ಲೆಕ್ಕ

2020ರ ಫೆಬ್ರುವರಿ 1ರಂದು ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡ್‌ನಲ್ಲಿ ಕ್ರಮಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಉಸೇನ್ ಬೋಲ್ಟ್ ಜೊತೆಗಿನ ಹೋಲಿಕೆಯ ಚರ್ಚೆ ಬದಿಗಿರಲಿ. ಛಾಯಾಗ್ರಾಹಕನಿಗೆ ಬೇಕಾದ ಅಂಶ ಒಂದೇ. ಅದು ಸೆಕೆಂಡಿಗೆ ಸುಮಾರು 10.5 ಮೀಟರ್ ವೇಗ. ಶಟರ್ 1/125 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಓಟಗಾರ ಎಂಟು ಸೆಂಟಿಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ, ಮುಖ ಕಲಸಿಹೋಗುತ್ತದೆ. 1/500ರಲ್ಲಿ ಎರಡು ಸೆಂಟಿಮೀಟರ್, 1/2000ದಲ್ಲಿ ಕೇವಲ ಅರ್ಧ ಸೆಂಟಿಮೀಟರ್. ಮುಂದಕ್ಕೆ ಬೀಸುವ ಪಾದ, ಸಿಡಿಯುವ ಕೆಸರು ದೇಹಕ್ಕಿಂತಲೂ ವೇಗವಾಗಿ ಚಲಿಸುತ್ತವೆ. ಆದುದರಿಂದ ಓಟ, ಕಂಬಳ, ಎತ್ತಿನಗಾಡಿ ಸ್ಪರ್ಧೆಗಳಿಗೆ 1/1000ದಿಂದ 1/2000, ಕಬಡ್ಡಿ ಮತ್ತು ಕುಸ್ತಿಗೆ ಕನಿಷ್ಠ 1/500 ಎಂದಿಟ್ಟುಕೊಳ್ಳುವುದು ಕ್ಷೇಮ.

ಓಟಗಾರ ನೇರವಾಗಿ ನಿಮ್ಮ ಕಡೆಗೇ ಬರುತ್ತಿದ್ದರೆ ಚೌಕಟ್ಟಿನಲ್ಲಿ ಅವನ ಚಲನೆ ಕಡಿಮೆ. ಅಲ್ಲಿ ನಿಧಾನದ ಶಟರ್ ಕೂಡ ನಡೆದೀತು. ಆದರೆ ಆಗ ದೂರ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಫೋಕಸ್ ವ್ಯವಸ್ಥೆಯ ಮೇಲೆ ಭಾರ ಬೀಳುತ್ತದೆ. ಒಂದು ಕಡೆಯ ಕಷ್ಟ ತಪ್ಪಿಸಿಕೊಂಡರೆ ಇನ್ನೊಂದು ಕಡೆಯದು ಕಾದಿರುತ್ತದೆ.

ಬೆಳಕಿನ ಲೆಕ್ಕ

ಶಟರ್ ವೇಗ ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆ. ಹಗಲಿನಲ್ಲಿ ಇದು ಸಮಸ್ಯೆಯೇ ಅಲ್ಲ. ಸ್ವಚ್ಛ ಬಿಸಿಲಿನಲ್ಲಿ ಐಎಸ್‌ಒ 100, ದ್ಯುತಿರಂಧ್ರ ಎಫ್ 16 ಇದ್ದರೆ ಶಟರ್ 1/100 ಎಂಬುದು ಫಿಲ್ಮ್ ಕಾಲದಿಂದಲೂ ಬಂದ ಸೂತ್ರ. ಅದರಂತೆ ಎಫ್ 5.6ರ ಸಾಧಾರಣ ಲೆನ್ಸ್‌ನಲ್ಲಿಯೂ ಐಎಸ್‌ಒ 400ಕ್ಕೆ 1/3200 ಸೆಕೆಂಡ್ ದೊರೆಯುತ್ತದೆ. ಹೋಬಳಿ ಕ್ರೀಡಾಕೂಟಗಳು ನಡೆಯುವುದು ಹಗಲಿನಲ್ಲಿ. ಅದಷ್ಟನ್ನೇ ತೆಗೆಯುವವರು ದುಬಾರಿ ಲೆನ್ಸ್‌ಗೆ ಕೈಹಾಕಬೇಕಾಗಿಯೇ ಇಲ್ಲ.

ತೊಡಕು ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಕಬಡ್ಡಿ ಎಂದರೆ ಬಹುಪಾಲು ‘ಹೊನಲು ಬೆಳಕಿನ ಪಂದ್ಯಾವಳಿ’. ಹೆಸರಿನಲ್ಲಿ ಹೊನಲಿದ್ದರೂ ನಾಲ್ಕು ಕಂಬಗಳ ದೀಪಗಳಿಂದ ಅಂಕಣದ ಮೇಲೆ ಬೀಳುವ ಬೆಳಕು ಕ್ಯಾಮೆರಾದ ಪಾಲಿಗೆ ಹನಿಯಷ್ಟೇ. ಅಂಕಣದಲ್ಲಿ 160 ಲಕ್ಸ್ ಬೆಳಕಿದೆ ಎಂದು ಭಾವಿಸೋಣ. ಎಫ್ 2.8 ಲೆನ್ಸ್‌ನಲ್ಲಿ 1/500 ಪಡೆಯಲು ಐಎಸ್‌ಒ 6,400 ಬೇಕು. ಎಫ್ 5.6 ಲೆನ್ಸ್ ಒಳಬಿಡುವುದು ಅದರ ಕಾಲುಭಾಗ ಬೆಳಕನ್ನು ಮಾತ್ರ. ಹಾಗಾಗಿ ಐಎಸ್‌ಒ 25,600ಕ್ಕೆ ಏರಬೇಕು. ಚಿತ್ರದಲ್ಲಿ ಮರಳು ಚೆಲ್ಲಿದಂತೆ ಚುಕ್ಕೆಗಳೆದ್ದು, ಮುಖದ ಬಣ್ಣ ಮಣ್ಣಾಗುವುದು ಇಲ್ಲಿಯೇ. ಎಫ್ 1.8ರ ಲೆನ್ಸ್ ಇದ್ದರೆ ಐಎಸ್‌ಒ 2,500ರ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ.

ಹಳೆಯ ಎಫ್ 5.6 ಲೆನ್ಸ್ ಇಟ್ಟುಕೊಂಡು ಬಾಡಿಯನ್ನು ಮಾತ್ರ ಬದಲಿಸಿದರೆ ಏನಾಗುತ್ತದೆ? ಸಣ್ಣ ಎಪಿಎಸ್-ಸಿ ಸಂವೇದಕದಿಂದ 36x24 ಮಿ.ಮೀ.ನ ಫುಲ್ ಫ್ರೇಮ್‌ಗೆ ಹೋದರೆ ಸಂವೇದಕದ ವಿಸ್ತೀರ್ಣ ಎರಡು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಬೆಳಕಿನ ಲಾಭವೂ ಸರಿಸುಮಾರು ಅಷ್ಟೇ. ಲೆನ್ಸ್ ಅನ್ನು ಎಫ್ 5.6ರಿಂದ 2.8ಕ್ಕೆ ಬದಲಿಸಿದರೆ ನಾಲ್ಕು ಪಟ್ಟು. ಇದಿಷ್ಟು ತಿಳಿದರೆ ಹಣವನ್ನು ಎಲ್ಲಿ ಹಾಕಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾದಂತೆಯೇ.

ಎಷ್ಟು ಉದ್ದದ ಲೆನ್ಸ್?

ದೊಡ್ಡ ಕ್ರೀಡಾಂಗಣಗಳ ಬೌಂಡರಿ ಗೆರೆಯಾಚೆ ಸಾಲಾಗಿ ಕುಳಿತ ಛಾಯಾಗ್ರಾಹಕರ ಬಿಳಿಯ ಫಿರಂಗಿಯಂಥ ಲೆನ್ಸ್‌ಗಳನ್ನು ಟಿವಿಯಲ್ಲಿ ನೋಡಿದವರಿಗೆ, ಕ್ರೀಡಾ ಛಾಯಾಗ್ರಹಣವೆಂದರೆ ಅದೇ ಎಂಬ ಭಾವನೆ ಬಂದಿರುತ್ತದೆ. ಅದು ಕ್ರಿಕೆಟ್ಟಿನ ದೂರದ ಪರಿಣಾಮ. ಪುರುಷರ ಅಂತರರಾಷ್ಟ್ರೀಯ ಪಂದ್ಯದಲ್ಲಿ ಪಿಚ್‌ನ ನಡುವಿನಿಂದ ಬೌಂಡರಿ 59.43 ಮೀಟರಿಗಿಂತ ಹತ್ತಿರ ಇರುವಂತಿಲ್ಲ, 82.29 ಮೀಟರಿಗಿಂತ ದೂರ ಇರುವಂತಿಲ್ಲ. 75 ಮೀಟರ್ ಆಚೆ ಕುಳಿತವನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸ್ ಇದ್ದರೂ ಅಡ್ಡ ಚೌಕಟ್ಟಿನ ಎತ್ತರ ನಾಲ್ಕೂವರೆ ಮೀಟರ್ ಜಾಗವನ್ನು ಒಳಗೊಳ್ಳುತ್ತದೆ. ಬ್ಯಾಟ್ಸ್‌ಮನ್ ಅದರ ಅರ್ಧವನ್ನೂ ತುಂಬುವುದಿಲ್ಲ. ಲೆಕ್ಕ ಸರಳ: ಸಂವೇದಕದ ಎತ್ತರ 24 ಮಿ.ಮೀ. ಅನ್ನು ಲೆನ್ಸ್‌ನ ಉದ್ದದಿಂದ ಭಾಗಿಸಿ, ದೂರದಿಂದ ಗುಣಿಸಿದರಾಯಿತು. 400 ಮಿ.ಮೀ. ಎಫ್ 2.8 ಲೆನ್ಸ್‌ಗೆ ಇಂದು ಹತ್ತು ಲಕ್ಷ ರೂಪಾಯಿಗೂ ಮೀರಿದ ಬೆಲೆ. ಅದು ಸಂಸ್ಥೆಗಳು ಕೊಳ್ಳುವ ವಸ್ತು.

ಕಬಡ್ಡಿಯ ಲೆಕ್ಕ ಬೇರೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದು 12ಕ್ಕೆ 8. ಅಂಕಣದ ಮೂಲೆಯಲ್ಲಿ ಕುಳಿತವನಿಗೆ ಆಟ ನಡೆಯುವುದು ಮೂರರಿಂದ ಹದಿಮೂರು ಮೀಟರ್ ದೂರದೊಳಗೆ. ಎಂಟು ಮೀಟರ್ ದೂರದಲ್ಲಿ 70 ಮಿ.ಮೀ. ಲೆನ್ಸ್ 2.7 ಮೀಟರ್ ಎತ್ತರದ ದೃಶ್ಯ ಕೊಡುತ್ತದೆ. ದಾಳಿಗಾರ, ಅವನ ಕಾಲಿಗೆ ಬಿದ್ದ ರಕ್ಷಕ ಇಬ್ಬರೂ ಒಳಗೆ. 200 ಮಿ.ಮೀ.ಗೆ ಹೋದರೆ ಒಂದು ಮೀಟರಿಗಿಂತ ಕಡಿಮೆ. ಮುಖ ಮತ್ತು ಚಾಚಿದ ಕೈ ಮಾತ್ರ. ಅಂದರೆ 70-200 ಮಿ.ಮೀ. ಎಫ್ 2.8 ಎಂಬ ಒಂದೇ ಜೂಮ್ ಲೆನ್ಸ್ ಕಬಡ್ಡಿ, ಖೋ-ಖೋ, ವಾಲಿಬಾಲ್, ನಾಡಕುಸ್ತಿಗೆ ಸಾಕು. ನೂರು ಮೀಟರ್ ಓಟದ ಗೆಲುವಿನ ಗೆರೆಯಿಂದ ಇಪ್ಪತ್ತು ಮೀಟರ್ ಹಿಂದೆ ನಿಂತು, ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ ಎದೆಯೊಡ್ಡುವ ಓಟಗಾರ್ತಿಯೂ ಸಲೀಸಾಗಿ ಸಿಗುತ್ತಾಳೆ. ಅಷ್ಟು ಹಣವಿಲ್ಲದವರು 85 ಮಿ.ಮೀ. ಎಫ್ 1.8 ಕೊಂಡರೆ ನಷ್ಟವಿಲ್ಲ. ಎಪಿಎಸ್-ಸಿ ಬಾಡಿಯಲ್ಲಿ 50 ಮಿ.ಮೀ. ಎಫ್ 1.8 ಕೂಡ ಕಬಡ್ಡಿಗೆ ಹೊಂದುತ್ತದೆ. ಹಲವು ಕಂಪನಿಗಳ ಪಟ್ಟಿಯಲ್ಲಿ ಅಗ್ಗದ ಲೆನ್ಸ್‌ಗಳಲ್ಲಿ ಅದೊಂದು. ಜೂಮ್ ಇಲ್ಲದಿರುವುದರಿಂದ ನೀವೇ ಮೂಲೆ ಬದಲಿಸಿ ಕೂರಬೇಕಾಗುತ್ತದೆ, ಅಷ್ಟೆ.

ಅಗಲ ಕೋನದ ಲೆನ್ಸ್ ಅನ್ನು ಮನೆಯಲ್ಲಿ ಬಿಟ್ಟು ಬರುವುದು ಹಲವರ ರೂಢಿ. ಮೈಸೂರು ದಸರಾ ಕುಸ್ತಿ ನಡೆಯುವ ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ ಅಖಾಡದ ಸುತ್ತ ಕಿಕ್ಕಿರಿಯುವ ಜನರ ಮುಖಗಳೇ ಅರ್ಧ ಚಿತ್ರ. ಅನಿಲ್ ಕುಂಬ್ಳೆ ತಾವು ತೆಗೆದ ಚಿತ್ರಗಳ ಪುಸ್ತಕಕ್ಕೆ 2010ರಲ್ಲಿ ‘ವೈಡ್ ಆ್ಯಂಗಲ್’ ಎಂದು ಹೆಸರಿಟ್ಟದ್ದು ಈ ಸಂದರ್ಭದಲ್ಲಿ ನೆನಪಾಗುತ್ತದೆ. ಅವರಿಗಿದ್ದ ಡ್ರೆಸ್ಸಿಂಗ್ ರೂಮಿನ ಪ್ರವೇಶ ಬೇರೆಯವರಿಗಿಲ್ಲ, ನಿಜ.

ಬಾಡಿಯಲ್ಲಿ ನೋಡಬೇಕಾದದ್ದು

ಮೆಗಾಪಿಕ್ಸೆಲ್ ಬಗ್ಗೆ ಚಿಂತೆ ಬೇಡ. 1999ರ ನಿಕಾನ್ ಡಿ1ರಲ್ಲಿ ಇದ್ದದ್ದು ಮೂರು ಮೆಗಾಪಿಕ್ಸೆಲ್‌ಗಿಂತ ಕಡಿಮೆ; ಪತ್ರಿಕೆಗಳು ಅದರಲ್ಲಿಯೇ ಚಿತ್ರ ಮುದ್ರಿಸಿದವು. 2020ರ ಕ್ಯಾನನ್ 1ಡಿಎಕ್ಸ್ ಮಾರ್ಕ್ 3ರಲ್ಲಿ, ಅದು ಕಂಪನಿಯ ಅತ್ಯುನ್ನತ ಕ್ರೀಡಾ ಕ್ಯಾಮೆರಾ ಆಗಿದ್ದರೂ, 20 ಮೆಗಾಪಿಕ್ಸೆಲ್ ಮಾತ್ರ. ಎಂಟು ಇಂಚು ಅಗಲದ ಪತ್ರಿಕಾ ಚಿತ್ರಕ್ಕೆ ಇಂಚಿಗೆ 200 ಚುಕ್ಕೆಯಂತೆ 1,600 ಪಿಕ್ಸೆಲ್ ಅಗಲ ಸಾಕು. 20 ಮೆಗಾಪಿಕ್ಸೆಲ್ ಚಿತ್ರದ ಅಗಲ ಸುಮಾರು 5,400 ಪಿಕ್ಸೆಲ್. ಮೂರನೇ ಒಂದು ಭಾಗದಷ್ಟು ಅಗಲಕ್ಕೆ ಕತ್ತರಿಸಿದರೂ ಮುದ್ರಣಕ್ಕೆ ಬರುತ್ತದೆ.

ಮುಖ್ಯವಾದದ್ದು ಚಲಿಸುವ ವಸ್ತುವಿನ ಮೇಲೆ ಫೋಕಸ್ ನಿಲ್ಲಿಸಿಕೊಳ್ಳುವ ಸಾಮರ್ಥ್ಯ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಮನುಷ್ಯರ ಕಣ್ಣನ್ನೇ ಗುರುತಿಸಿ ಹಿಂಬಾಲಿಸುತ್ತವೆ. ಒಬ್ಬನೇ ಓಡುವಾಗ ಇದು ಅದ್ಭುತ. ಕಬಡ್ಡಿಯಲ್ಲಿ ಏಳು ಮಂದಿ ಕೈಕೈ ಹಿಡಿದು ನಿಂತಾಗ ಕ್ಯಾಮೆರಾ ಯಾರ ಕಣ್ಣನ್ನು ಆರಿಸಿಕೊಳ್ಳುತ್ತದೆ ಎಂಬ ಖಾತರಿಯಿಲ್ಲ. ಎಷ್ಟೋ ಬಾರಿ ಹಿಂದೆ ನಿಂತ ಅಂಪೈರ್ ಸ್ಪಷ್ಟವಾಗಿ ಬಂದಿರುತ್ತಾರೆ. ಫೋಕಸ್ ಪ್ರದೇಶವನ್ನು ಚಿಕ್ಕದಾಗಿಟ್ಟುಕೊಂಡು ದಾಳಿಗಾರನ ಎದೆಯ ಮೇಲೆ ನಿಲ್ಲಿಸುವ ಹಳೆಯ ಕ್ರಮವೇ ಇಲ್ಲಿ ಮೇಲು.

ಸೆಕೆಂಡಿಗೆ ಮೂವತ್ತು ಚಿತ್ರ ಎಂಬ ಜಾಹೀರಾತನ್ನು ನೋಡುವಾಗ, ಅದು ಯಾಂತ್ರಿಕ ಶಟರ್‌ನಲ್ಲೋ ಎಲೆಕ್ಟ್ರಾನಿಕ್ ಶಟರ್‌ನಲ್ಲೋ ಎಂದು ವಿಚಾರಿಸಿ. ಉದಾಹರಣೆಗೆ 2022ರ ಕ್ಯಾನನ್ ಆರ್7 ಯಾಂತ್ರಿಕವಾಗಿ ಸೆಕೆಂಡಿಗೆ 15, ಎಲೆಕ್ಟ್ರಾನಿಕ್‌ನಲ್ಲಿ 30 ಚಿತ್ರ ತೆಗೆಯುತ್ತದೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸಂವೇದಕವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದಲಾಗುತ್ತದೆ. ಓದು ನಿಧಾನವಾದರೆ ಬೀಸಿದ ಬ್ಯಾಟ್ ಬಿಲ್ಲಿನಂತೆ ಬಾಗಿ, ಚೆಂಡು ಮೊಟ್ಟೆಯಂತೆ ಕಾಣುತ್ತದೆ. 2021ರ ನಿಕಾನ್ ಜಡ್9 ಈ ಓದನ್ನು ಬಹಳ ಶೀಘ್ರಗೊಳಿಸಿ ಯಾಂತ್ರಿಕ ಶಟರ್ ಅನ್ನೇ ಕೈಬಿಟ್ಟಿತು. 2023ರಲ್ಲಿ ಪ್ರಕಟವಾದ ಸೋನಿ ಎ9 ಮಾರ್ಕ್ 3 ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಓದುತ್ತದೆ. ಇವೆರಡೂ ಸ್ಟುಡಿಯೋ ಹುಡುಗನ ಕೈಗೆಟುಕುವ ಬೆಲೆಯವಲ್ಲ. ಅವನು ಯಾಂತ್ರಿಕ ಶಟರ್‌ನಲ್ಲಿಯೇ ಉಳಿದರೆ ಸಾಕು. ಸೆಕೆಂಡಿಗೆ ಎಂಟು ಹತ್ತು ಚಿತ್ರ ಕಬಡ್ಡಿಗೆ ಧಾರಾಳ.

ರಾತ್ರಿ ಪಂದ್ಯದಲ್ಲಿ ಇನ್ನೊಂದು ಕಾಟವುಂಟು. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು. 1/1000ದ ಶಟರ್‌ಗೆ ಕಾಣುತ್ತದೆ. ಒಂದರ ಹಿಂದೊಂದು ತೆಗೆದ ಚಿತ್ರಗಳಲ್ಲಿ ಒಂದು ಬೆಳ್ಳಗೆ, ಮತ್ತೊಂದು ಕಂದು. ಮಿನುಗಿನ ಏರುಕ್ಷಣಕ್ಕೆ ಕಾದು ಶಟರ್ ಬಿಡುವ ಸೌಲಭ್ಯ 2014ರ ಕ್ಯಾನನ್ 7ಡಿ ಮಾರ್ಕ್ 2, 2016ರ ನಿಕಾನ್ ಡಿ500ಗಳಲ್ಲಿಯೇ ಇದೆ. ಈ ಎರಡೂ ಸೆಕೆಂಡಿಗೆ 10 ಚಿತ್ರ ತೆಗೆಯುವ, 20 ಮೆಗಾಪಿಕ್ಸೆಲ್‌ನ, ಆಟಕ್ಕೆಂದೇ ರೂಪಿಸಿದ ಬಾಡಿಗಳು. ಈಗ ದೊರೆಯುವುದು ಬಳಸಿದ ಸರಕಾಗಿ.

ಬಳಸಿದ್ದನ್ನು ಕೊಳ್ಳುವಾಗ

ನನ್ನ ಅಭಿಪ್ರಾಯದಲ್ಲಿ, ಮದುವೆ ಕೆಲಸಕ್ಕಾಗಿ ಈಗಾಗಲೇ ಒಳ್ಳೆಯ ಬಾಡಿ ಇರುವವರು ಅದನ್ನು ಬದಲಿಸದೆ ಬಳಸಿದ 70-200 ಎಫ್ 2.8 ಲೆನ್ಸ್ ಒಂದನ್ನು ಕೊಳ್ಳುವುದೇ ಸರಿ. ಏನೂ ಇಲ್ಲದವರು ಅದೇ ಲೆನ್ಸ್ ಜೊತೆಗೆ ಮೇಲೆ ಹೇಳಿದ ಹಳೆಯ ಬಾಡಿಗಳಲ್ಲೊಂದನ್ನು ನೋಡಬಹುದು. ಆ ಎರಡೂ ಬಾಡಿಗಳ ಶಟರ್ ಬಾಳಿಕೆಯನ್ನು ಕಂಪನಿಗಳು ಎರಡು ಲಕ್ಷ ಚಿತ್ರಗಳೆಂದು ಹೇಳಿದ್ದವು. ಎಷ್ಟು ತೆಗೆಯಲಾಗಿದೆ ಎಂಬ ಎಣಿಕೆಯನ್ನು ಕೇಳಿ ಪಡೆಯಿರಿ. ಲೆನ್ಸ್ ಅನ್ನು ಮೊಬೈಲ್ ಟಾರ್ಚ್ ಬೆಳಕಿಗೆ ಹಿಡಿದು ಒಳಗಿನ ಗಾಜಿನಲ್ಲಿ ಜೇಡರ ಬಲೆಯಂಥ ಬೂಷ್ಟು ಇದೆಯೇ ಎಂದು ಪರೀಕ್ಷಿಸಿ. ಇದ್ದರೆ ಬೆಲೆ ಎಷ್ಟೇ ಇಳಿದರೂ ಬೇಡ.

ಮುಂದೆ ಮಿರರ್‌ಲೆಸ್‌ಗೆ ಬದಲಾಗುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಕ್ಯಾನನ್‌ನ ಹಳೆಯ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಹೊಸ ಆರ್ ಸರಣಿಯ ಬಾಡಿಗಳಲ್ಲಿ ಆಟೋಫೋಕಸ್ ಸಹಿತ ಕೆಲಸ ಮಾಡುತ್ತವೆ. ನಿಕಾನ್‌ನಲ್ಲಿ ಮೋಟಾರು ಒಳಗೇ ಇರುವ ಎಎಫ್-ಎಸ್‌ನಂಥ ಲೆನ್ಸ್‌ಗಳು ಮಾತ್ರ ಜಡ್ ಸರಣಿಯಲ್ಲಿ ಕಂಪನಿಯ ಅಡಾಪ್ಟರ್ ಮೂಲಕ ಹೀಗೆ ನಡೆಯುತ್ತವೆ. ಅಗ್ಗವಾಗಿ ಸಿಗುವ ಹಳೆಯ ಎಎಫ್-ಡಿ ಲೆನ್ಸ್‌ಗಳಿಗೆ ಆ ಅಡಾಪ್ಟರಿನಲ್ಲಿ ಮೋಟಾರಿಲ್ಲ. ಕೈಯಲ್ಲಿ ಫೋಕಸ್ ತಿರುಗಿಸುತ್ತ ಕಬಡ್ಡಿ ಹಿಡಿಯುವುದು ದುಸ್ಸಾಧ್ಯ.

ವರ್ಷಕ್ಕೊಮ್ಮೆ ಕಂಬಳಕ್ಕೋ ಕ್ರಿಕೆಟ್ಟಿಗೋ ಹೋಗುವವರಿಗೆ 100-400 ಅಥವಾ 150-600 ಮಿ.ಮೀ. ಲೆನ್ಸ್‌ಗಳು ಬೆಂಗಳೂರಿನಲ್ಲಿ ದಿನಬಾಡಿಗೆಗೆ ದೊರೆಯುತ್ತವೆ. ಅವುಗಳ ದ್ಯುತಿರಂಧ್ರ ಎಫ್ 6.3ರವರೆಗೂ ಕಿರಿದಾಗುವುದರಿಂದ ಹಗಲಿನ ಓಟಗಳಿಗೆ ಮಾತ್ರ ಒಗ್ಗುತ್ತವೆ. ಬಾಡಿಗೆಗೆ ತರುವ ಮುನ್ನ ನಿಮ್ಮ ಬಾಡಿಯ ಮೌಂಟ್ ಯಾವುದೆಂದು ತಿಳಿಸಿ, ಅಂಗಡಿಯಲ್ಲಿಯೇ ಜೋಡಿಸಿ, ಎದುರಿನ ರಸ್ತೆಯಲ್ಲಿ ಸಾಗುವ ಬೈಕುಗಳ ಮೇಲೆ ಫೋಕಸ್ ನಿಲ್ಲುತ್ತದೆಯೇ ಎಂದು ನಾಲ್ಕು ಚಿತ್ರ ತೆಗೆದು ನೋಡಿ.