ಸಿಟ್ಟಿಗೊಂದು ತಾಲೀಮು

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರ ಸಂಕಟಕ್ಕೂ ಒಂದು ಹಂಗಾಮಿದೆ. ಶೆಡ್ಡಿನಲ್ಲಿ ಮಣೂಕ (ಒಣದ್ರಾಕ್ಷಿ) ಒಣಗುತ್ತಿರುವಾಗಲೇ ಸುರಿಯುವ ಅಕಾಲಿಕ ಮಳೆ, ಅಡತಿ ಅಂಗಡಿಯಿಂದ ಬಾರದ ರೊಕ್ಕ, ಬಾಗಿಲಿಗೆ ಬಂದು ನಿಂತ ಬ್ಯಾಂಕಿನ ಕಂತು. ಸಿಟ್ಟು ನೆತ್ತಿಗೇರಿದವನಿಗೆ ಹಿರಿಯರು ‘ಸಮಾಧಾನ ಮಾಡ್ಕೊಳಪಾ’ ಅನ್ನುತ್ತಾರೆ. ಹೇಗೆ ಮಾಡಿಕೊಳ್ಳಬೇಕೆಂದು ಮಾತ್ರ ಯಾರೂ ಕಲಿಸುವುದಿಲ್ಲ. ಅದನ್ನೇ ಪಾಠ ಮಾಡಿ ಕಲಿಸುವ ಪದ್ಧತಿಯೊಂದಿದೆ: ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದರೆ ಡಿಬಿಟಿಯ ಗುಂಪು ತರಬೇತಿ.

ಇದನ್ನು ಕಟ್ಟಿದವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಪದೇ ಪದೇ ತಮಗೆ ತಾವೇ ಹಾನಿ ಮಾಡಿಕೊಳ್ಳುತ್ತಿದ್ದ ಮಹಿಳೆಯರ ಮೇಲೆ ನಡೆಸಿದ ಮೊದಲ ಪ್ರಯೋಗದ ಫಲಿತಾಂಶ 1991ರಲ್ಲಿ ಬಂತು, ಕೈಪಿಡಿ 1993ರಲ್ಲಿ. ಹದಿಹರೆಯದಲ್ಲಿ ತಾವೂ ಮನೋರೋಗ ಆಸ್ಪತ್ರೆಯಲ್ಲಿ ಇದ್ದುದಾಗಿ ಲಿನೆಹನ್ 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು.

ವಿಜಯಪುರ ಮನಸ್ಸಿನ ಮಾತಿಗೆ ಕಿವಿಗೊಟ್ಟ ಊರು. ಬಿಜ್ಜರಗಿಯಲ್ಲಿ ಹುಟ್ಟಿದ, ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಸಾವಿರಾರು ಜನ ಸೇರುತ್ತಿದ್ದರು. ಡಿಬಿಟಿ ತರಗತಿಯ ಬಗೆ ಬೇರೆ. ಅದು ಗರಡಿಮನೆಯ ತಾಲೀಮು. ಕುಸ್ತಿಗೆ ಇಳಿಯುವ ಮೊದಲೇ ಪಟ್ಟು ಕಲಿತಿರಬೇಕು. ವಾರಕ್ಕೊಮ್ಮೆ, ಎರಡು–ಎರಡೂವರೆ ತಾಸು, ಒಂದು ಸಣ್ಣ ಗುಂಪು, ಇಬ್ಬರು ತರಬೇತುದಾರರು. ಮೊದಲರ್ಧ ಹಿಂದಿನ ವಾರದ ಮನೆಗೆಲಸದ ವಿಚಾರಣೆ, ಆಮೇಲೆ ಹೊಸ ಪಾಠ. ಪಾಠಗಳು ನಾಲ್ಕು ಬಗೆ: ಈ ಕ್ಷಣದ ಮೇಲೆ ಗಮನ, ಸಂಕಟ ತಾಳಿಕೊಳ್ಳುವುದು, ಭಾವನೆಯನ್ನು ಹದಕ್ಕೆ ತರುವುದು, ಸಂಬಂಧ ಕೆಡದಂತೆ ಬೇಕಾದ್ದನ್ನು ಕೇಳುವುದು. ಎಲ್ಲ ಮುಗಿಯಲು ಸಾಮಾನ್ಯವಾಗಿ 24 ವಾರ ಬೇಕು.

ಎರಡು ಪಟ್ಟು ನೋಡೋಣ. ಸಿಟ್ಟೋ ದುಃಖವೋ ಉಕ್ಕಿ ಬಂದಾಗ ಉಸಿರು ಬಿಗಿಹಿಡಿದು ತಣ್ಣೀರಿನಲ್ಲಿ ಮುಖ ಅದ್ದಬೇಕು. ಕಣ್ಣು, ಕೆನ್ನೆಗೆ ತಂಪು ತಾಗಿದರೆ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ನೀರಿನಲ್ಲಿ ಮುಳುಗಿದಾಗ ದೇಹ ತೋರುವ ಪ್ರತಿಕ್ರಿಯೆಯೇ ಇದು. ಹೃದ್ರೋಗ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಇನ್ನೊಂದು, ಕೇಳುವ ಪಾಠ. ಇದ್ದದ್ದು ಹೇಳು, ಅನಿಸಿದ್ದು ಹೇಳು, ಬೇಕಾದ್ದು ಕೇಳು, ಕೊಟ್ಟರೆ ಆಗುವ ಒಳಿತು ತಿಳಿಸು. ನಮ್ಮ ಕಡೆ ಅದು ಹೀಗೆ ಬಂದೀತು: ‘ಸಾವ್ಕಾರ್ರ, ಮಣೂಕದ ಪಟ್ಟಿ ಆಗಿ ತಿಂಗಳಾತು, ರೊಕ್ಕ ಬಂದಿಲ್ಲ. ಕಂತು ತುಂಬೂದೈತಿ, ನನಗ ಭಾಳ ತ್ರಾಸ ಆಗೇತಿ. ಸೋಮವಾರದೊಳಗ ಅರ್ಧಾನರ ಹಾಕ್ರಿ. ಮುಂದಿನ ಮಾಲೂ ನಿಮ್ಮ ಅಂಗಡಿಗೇ ತರ್ತೀನಿ.’ ತರಗತಿಯಲ್ಲಿ ಒಬ್ಬ ರೈತನಾಗುತ್ತಾನೆ, ಒಬ್ಬ ಸಾವ್ಕಾರನಾಗುತ್ತಾನೆ. ದನಿ ಏರಿದರೆ ಮತ್ತೆ ಮೊದಲಿಂದ.

ಗುಂಪಿಗೆ ಇಷ್ಟು ಮಹತ್ವವೇಕೆ? 99 ಮಹಿಳೆಯರನ್ನು ಮೂರು ಬಗೆಯ ಚಿಕಿತ್ಸೆಗೆ ಹಂಚಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಗುಂಪಿನ ಈ ಕೌಶಲ ತರಬೇತಿ ಸಿಕ್ಕವರಲ್ಲಿ ತಮಗೆ ತಾವೇ ಹಾನಿ ಮಾಡಿಕೊಳ್ಳುವುದು, ಅದು ಸಿಗದವರಿಗಿಂತ ಹೆಚ್ಚು ಇಳಿದಿತ್ತು. ಆದರೂ ತೀವ್ರ ತೊಂದರೆ ಇರುವವರಿಗೆ ಗುಂಪೊಂದೇ ಸಾಲದು, ವೈಯಕ್ತಿಕ ಚಿಕಿತ್ಸೆಯೂ ಜೊತೆಗಿರಬೇಕು.

ಸಹಾಯ ಬೇಕಾದವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕಾಣಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಯುವಜನರಿಗೆ ನಿಮ್ಹಾನ್ಸ್ ನೆರವಿನ ‘ಯುವ ಸ್ಪಂದನ’ ಇದೆ.

ಇಂಥ ತರಗತಿ ಹಳ್ಳಿಗೆ ಬರಬೇಕೆಂದರೆ ತರಬೇತಾದ ಇಬ್ಬರು, ಒಂದು ಕೋಣೆ, ವಾರಕ್ಕೊಂದು ಮಧ್ಯಾಹ್ನ ಸಾಕು. ಬೆಳೆಗಾರರಿಗೆ ಪುರಸೊತ್ತೆಲ್ಲಿ ಎನ್ನುವವರಿಗೂ ಉತ್ತರವಿದೆ: ದ್ರಾಕ್ಷಿ ಬಳ್ಳಿ ಸವರುವ ಏಪ್ರಿಲ್ ಚಾಟ್ನಿಗೂ ಅಕ್ಟೋಬರ್ ಚಾಟ್ನಿಗೂ ನಡುವೆ ಹೆಚ್ಚುಕಡಿಮೆ 24 ವಾರಗಳೇ ಸಿಗುತ್ತವೆ. ಆಗ ಕಲಿತದ್ದು ಮುಂದಿನ ಮಣೂಕದ ಹಂಗಾಮಿಗೆ ಒದಗುತ್ತದೆ.